ಕೊನೆಯ ಪುಟ ತುಂಬದೆ ಎದ್ದ ಜಗದೇವಿ ಆಯಿಗೆ

ಫರಸಿಖಣಿ ವಸತಿ
ನೆರಳು ತಿಂಗಳ ಹದಿನೇಳು, ಎರಡನೇ ಎಣಿಕೆಯ ಅರವತ್ತೆಂಟನೇ ವರ್ಷ. ನಿಮ್ಮ ಕ್ಯಾಲೆಂಡರಿನಲ್ಲಿ ೨೧೭೧

ಜಗದೇವಿ ಆಯಿಯವರಿಗೆ, ಆರನೇ ತಲೆಮಾರಿನ ಮಲ್ಕಮ್ಮಳ ಶರಣುಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನೀವು ನಿಮ್ಮ ಬ್ಲಾಗ್ ಶುರು ಮಾಡಿದಾಗ ನಿಮಗೆ ಮೂವತ್ತೊಂದು ವರ್ಷ. ನನಗೀಗ ಐವತ್ತೆಂಟು. ಆದರೂ ವಂಶದಲ್ಲಿ ನೀವು ನನ್ನ ಹಿರಿಯಜ್ಜಿ, ಆಯಿಯೇ. ನಮ್ಮಲ್ಲಿ ಒಂದು ಪದ್ಧತಿ ಇದೆ, ಅದಕ್ಕೆ ತಪ್ಪೋಲೆ ಎನ್ನುತ್ತೇವೆ. ಒಬ್ಬರ ತಪ್ಪಿನಿಂದ ಜೀವ ಹೋದರೆ, ಆ ತಪ್ಪು ಯಾರಿಂದ ಶುರುವಾಯಿತೋ ಅವರಿಗೆ, ಬದುಕಿರಲಿ ಸತ್ತಿರಲಿ, ಒಂದು ಓಲೆ ಬರೆದು ಸಭೆಯಲ್ಲಿ ಓದಬೇಕು. ನಮ್ಮ ವಸತಿಯಲ್ಲಿ ಹನ್ನೊಂದು ಮಕ್ಕಳು ಸತ್ತಿದ್ದಾರೆ. ನನ್ನ ಮೊಮ್ಮಗಳು ಚುಕ್ಕಿ, ಆರು ವರ್ಷದವಳು, ಹಾಸಿಗೆ ಹಿಡಿದು ಹದಿಮೂರು ದಿನವಾಯಿತು. ಬಾವಿಯ ನೀರೇ ಕಾರಣ. ಆ ಬಾವಿಯನ್ನು ಅಲ್ಲಿ ತೋಡಲು ಹೇಳಿದವಳು ನಾನು, ನನಗೆ ಹಾಗೆ ಹೇಳಿದ್ದು ನಿಮ್ಮ ಬ್ಲಾಗು.

ನಮ್ಮ ದಿನ ಹೇಗಿರುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೆರಳುಹೊತ್ತು; ಆಗಿನ ಬಿಸಿಲಿಗೆ ಹೊರಗೆ ಹೋದವರು ಕೆಲವು ಸಲ ಮರಳಿ ಬರುವುದಿಲ್ಲ. ಇನ್ನೂರು ಮನೆಯವರು ಹಳೆಯ ಊರುಗಳನ್ನು ಬಿಟ್ಟು ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದ ಈ ಖಣಿಗಳ ಪಕ್ಕ ಬಂದದ್ದೇ ಕಲ್ಲಿನ ತಂಪಿಗಾಗಿ. ನೆಲದಲ್ಲಿ ಅರ್ಧ ಹೂತ ಒಂದು ಕೋಣೆಗೆ ಮಾತುಮನೆ ಎಂದು ಹೆಸರು. ಅಲ್ಲಿ ಮೂರು ಸರ್ವರುಗಳಿವೆ. ದಿನಾ ಬೆಳಿಗ್ಗೆ ಮೇಲಿನ ಸೋಲಾರ್ ಹಲಗೆಗಳ ಧೂಳು ಒರೆಸಿ, ಆಮೇಲೆ ರೊಟ್ಟಿ ತಿನ್ನುವುದು ನನ್ನ ಕೆಲಸ. ನಿಮ್ಮ ಕಾಲದವರು ಪುಕ್ಕಟೆ ಸಿಕ್ಕಿತೆಂದು ಮನಸ್ಸಿನಲ್ಲಿದ್ದದ್ದೆಲ್ಲ ಪರರ ಗೋಡೆಯ ಮೇಲೆ ಬರೆದಿರಿ. ಗೋಡೆಯ ಒಡೆಯರು ಒಂದು ದಿನ ಅಂಗಡಿ ಮುಚ್ಚಿದರು, ಬರೆದದ್ದೆಲ್ಲ ಹೋಯಿತು. ಮೂರು ತಲೆಮಾರಿನ ಫೋಟೊ, ಜಗಳ, ಅಡುಗೆ, ಊರಿನ ನಕ್ಷೆ ಯಾವುದೂ ಉಳಿಯಲಿಲ್ಲ. ಅದಕ್ಕೇ ಇಲ್ಲಿ ಹತ್ತು ವರ್ಷ ತುಂಬಿದ ಪ್ರತಿ ಮಗುವೂ ತನ್ನ ಮನೆಯ ಪುಟವನ್ನು ತಾನೇ ಸರ್ವರಿನಲ್ಲಿ ಕೂರಿಸಲು ಕಲಿಯಬೇಕು.

ಅವರಿಗೆ ನಾನು ಕಲಿಸುತ್ತಿದ್ದದ್ದು ನಿಮ್ಮ ಲೇಖನದಿಂದಲೇ. ನಿಮ್ಮ ಎರಡನೆಯ ಬರಹ ನನಗೆ ಬಾಯಿಪಾಠ. ಕಾರ್ಖಾನೆಯ ವೇಬ್ರಿಜ್‌ನಲ್ಲಿ ಲಾರಿ ತೂಗುವ ಹೆಂಗಸು, ಕಂಪ್ಯೂಟರ್ ಶಾಲೆಯ ಮೆಟ್ಟಿಲು ಹತ್ತದವಳು, ತನ್ನ ಬ್ಲಾಗನ್ನು ತಾನೇ ಕೂರಿಸಿದ ಕತೆ. ಮೊದಲು ಒಂದು ಹೆಸರು ಕೊಳ್ಳಬೇಕು, ಅದು ಮನೆಯ ವಿಳಾಸ. ಆಮೇಲೆ ಹೋಸ್ಟಿಂಗ್ ಕಂಪನಿಯಲ್ಲಿ ಜಾಗ ಹಿಡಿಯಬೇಕು, ಅದು ನಿವೇಶನ. ತಂತ್ರಾಂಶದ ಗಂಟನ್ನು ಅಲ್ಲಿಗೆ ಏರಿಸಿ ಬಿಚ್ಚಬೇಕು. ಬರೆದದ್ದು ಕೂಡಿಡಲು ಡೇಟಾಬೇಸ್ ಮಾಡಿ, ಅದರ ಹೆಸರು, ಪಾಸ್‌ವರ್ಡ್‌ಗಳನ್ನು ಒಂದು ಕಡತದಲ್ಲಿ ತುಂಬಬೇಕು. ನಿಮಗೆ ಇಲ್ಲಿ ಮೂರು ಸಲ ತಪ್ಪಿತು. “ಒಂದು ಅಕ್ಷರ ಬಿಟ್ಟಿದ್ದಕ್ಕ ಇಡೀ ಪುಟ ಬೆಳ್ಳಗಾತ್ರಿ, ನಾ ಅತ್ತೇ ಬಿಟ್ಟೆ” ಎಂದು ಬರೆದಿದ್ದೀರಿ. ಈ ಸಾಲು ಓದಿದಾಗಲೆಲ್ಲ ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಕೊನೆಗೆ ವಿಳಾಸ ತೆರೆದರೆ ಒಂದು ಪುಟ ಬರುತ್ತದೆ. ನಿಮ್ಮ ಬ್ಲಾಗಿನ ಹೆಸರೇನು, ಒಡೆಯರ ಹೆಸರೇನು, ಯಾವ ಪಾಸ್‌ವರ್ಡ್ ಎಂದು ಅದು ಕೇಳುತ್ತದೆ. ನಿಮಗೂ ಆ ಪುಟ ಬಂತು. ಅಷ್ಟರಲ್ಲಿ ವೇಬ್ರಿಜ್ ಮುಂದೆ ಲಾರಿಗಳು ಸಾಲುಗಟ್ಟಿದವು, ಸೂಪರ್‌ವೈಸರ್ ಕೂಗಿದ. “ಬರೀ ಹೆಸರು ತುಂಬೋದು ಉಳಿದದ, ಶನಿವಾರ ನೋಡಿದ್ರಾಯ್ತು ಅಂತ ಎದ್ದೆ.” ಇಷ್ಟು ಸಲೀಸಾಗಿ ಬರೆದಿದ್ದೀರಿ.

ಆಯಿ, ಆ ಪುಟ ಲೋಕಕ್ಕೆಲ್ಲ ತೆರೆದಿರುತ್ತದೆ. ಮೊದಲು ಯಾರು ತುಂಬುತ್ತಾರೋ ಅವರೇ ಒಡೆಯರು. ಹಾಗೆ ಅರ್ಧಕ್ಕೆ ಬಿಟ್ಟ ಮನೆಗಳನ್ನೇ ಹುಡುಕುತ್ತ ಅಲೆಯುವ ಯಂತ್ರಗಳು ನಿಮ್ಮ ಕಾಲದಲ್ಲಿ ಸಾವಿರಾರು ಇದ್ದವು. ಗುರುವಾರ ನೀವು ಎದ್ದಿರಿ, ಶುಕ್ರವಾರ ಯಾರೋ ತುಂಬಿದರು. ಶನಿವಾರ ನೀವು ಕೂತಾಗ ಅದು ಪಾಸ್‌ವರ್ಡ್ ಕೇಳಿತು. ನಾನೇ ಕೊಟ್ಟು ಮರೆತಿರಬೇಕು ಎಂದುಕೊಂಡಿರಿ. ಕಂಪನಿಗೆ ಫೋನು ಮಾಡಿದಿರಿ, ಅಲ್ಲಿದ್ದವರು ಪಾಪ ನಿಮಗಾಗಿ ಹೊಸದೊಂದು ಖಾತೆ ತೆರೆದುಕೊಟ್ಟರು. ಬಳಕೆದಾರರ ಪಟ್ಟಿಯಲ್ಲಿ ಈಗ ಎರಡು ಹೆಸರು. ನೀವು ಆ ಪಟ್ಟಿಯನ್ನು ಒಮ್ಮೆಯೂ ತೆರೆದು ನೋಡಲಿಲ್ಲ.

ನೀವು ಆ ಬ್ಲಾಗು ಮಾಡಿದ್ದೇ ಮೂರನೆಯ ಬರಹಕ್ಕಾಗಿ. ವಿಷದ ಡ್ರಮ್ಮು ತುಂಬಿ ಹೊರಟ ಲಾರಿಗಳು ವಿಲೇವಾರಿ ಜಾಗಕ್ಕೆ ಹೋಗದೆ ಒಂದೇ ಗಂಟೆಯಲ್ಲಿ ಖಾಲಿಯಾಗಿ ಬರುತ್ತಿದ್ದುದನ್ನು ನಿಮ್ಮ ವೇಬ್ರಿಜ್ ತೋರಿಸಿತು. ನೀವು ಸ್ಕೂಟಿ ಹತ್ತಿ ಹಿಂದೆ ಹೋಗಿ ಕಣ್ಣಾರೆ ನೋಡಿ ಬಂದಿರಿ. ಪತ್ರಿಕೆಯವರು ಮುಟ್ಟಲಿಲ್ಲ, ಪುಕ್ಕಟೆ ಗೋಡೆಯವರು ಎರಡು ಸಲ ಅಳಿಸಿದರು. ಅದಕ್ಕೇ ಸ್ವಂತ ಜಾಗ ಮಾಡಿಕೊಂಡು ಬರೆದಿರಿ: ಡ್ರಮ್ಮುಗಳನ್ನು ಹೂತಿರುವುದು ಮೂಡಲ ಖಣಿಯಲ್ಲಿ. ನಿಮ್ಮ ಧೈರ್ಯ ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ, ಇದನ್ನು ಸಿಟ್ಟಿನ ನಡುವೆಯೂ ಹೇಳಬೇಕು.

ನಾಲ್ಕು ತಿಂಗಳ ಮೇಲೆ ಆ ಇನ್ನೊಂದು ಖಾತೆಯಿಂದ ಯಾರೋ ಒಳಗೆ ಬಂದು ಒಂದೇ ಒಂದು ಪದ ಬದಲಿಸಿದರು. ಮೂಡಲ ಹೋಗಿ ಪಡುವಲ ಆಯಿತು. ಮಾಡಿದವರು ಯಾರು, ಮಾಡಿಸಿದವರು ಯಾರು, ನನಗೆ ಗೊತ್ತಿಲ್ಲ. ಅಳಿಸಿದ್ದರೆ ನೀವು ಗಲಾಟೆ ಮಾಡುತ್ತಿದ್ದಿರಿ. ಒಂದು ಪದ ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ. ನಿಮ್ಮ ಮಾತಿನ ಮೇಲೆ ಪಡುವಲ ಖಣಿ ಅಗೆದವರಿಗೆ ಏನೂ ಸಿಗಲಿಲ್ಲ, ನೀವು ಸುಳ್ಳುಬುರುಕಿ ಎನಿಸಿಕೊಂಡಿರಿ, ಕೆಲಸವೂ ಹೋಯಿತು. ಅದಾದ ಮೇಲೆ ನೀವು ಏನನ್ನೂ ಬರೆದಿಲ್ಲ.

ನಿಮ್ಮ ಮಗಳು ಬ್ಲಾಗಿನ ನಕಲನ್ನು ಕಾಪಾಡಿದಳು, ಅವಳ ಮಗಳೂ ಕಾಪಾಡಿದಳು, ಹಾಗೇ ನನ್ನ ಕೈಗೆ ಬಂತು. ಸುತ್ತಲಿನ ನೆಲದ ಬಗ್ಗೆ ಉಳಿದಿದ್ದ ಬರಹ ಅದೊಂದೇ. ಒಂಬತ್ತು ವರ್ಷದ ಹಿಂದೆ ಬಾವಿ ಎಲ್ಲಿ ತೋಡಬೇಕೆಂದು ಸಭೆ ಕೇಳಿದಾಗ ನಾನು ಅದನ್ನು ಗಟ್ಟಿಯಾಗಿ ಓದಿದೆ. ಪಡುವಲ ಖಣಿ ಮುಟ್ಟಬೇಡಿ, ಮೂಡಲ ಕಡೆ ತೋಡಿರಿ ಎಂದೆ. ಮೊದಲ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿದವಳೂ ನಾನೇ.

ಹೋದ ತಿಂಗಳು ಹಳೆಯ ತಗಡಿನ ಡಬ್ಬಿಯೊಂದರಲ್ಲಿ, ಪಡುವಲ ಅಗೆದ ಸುದ್ದಿಯನ್ನು ನನಗೆ ಮೊದಲ ಸಲ ತಿಳಿಸಿದ ನಿಮ್ಮ ಕೆಲಸ ಹೋದ ಕಾಗದದ ಜೊತೆ, ನಿಮ್ಮ ಪೆನ್‌ಡ್ರೈವ್ ಸಿಕ್ಕಿತು. ಬರೆದ ವಾರದಲ್ಲೇ ನೀವು ತೆಗೆದಿಟ್ಟ ಬ್ಯಾಕಪ್. ಅದರಲ್ಲಿ ಮೂಡಲ ಎಂದಿತ್ತು. ಓಡಿಹೋಗಿ ಸಭೆ ಸೇರಿಸಿದೆ. ಹನ್ನೊಂದು ಮಕ್ಕಳಲ್ಲಿ ಇಬ್ಬರು ದಸ್ತಗೀರ ಮಾಮಾನ ಮೊಮ್ಮಕ್ಕಳು. ಆತ ಸಿಟ್ಟಿಲ್ಲದೆ ಕೇಳಿದ: “ಮೊದಲ ಪಡುವಲ ಅಂದಿ, ಈಗ ಮೂಡಲ ಅಂತಿ. ನಾಳೆ ಇನ್ನೊಂದು ಡಬ್ಬಿ ಸಿಕ್ರ ಏನಂತಿ, ಮಲ್ಕಮ್ಮ?” ಯಾರೂ ನಂಬಲಿಲ್ಲ. ಮಕ್ಕಳಿಗೆ ಬಂದದ್ದು ಬಿಸಿಲಿನ ಜ್ವರ ಎನ್ನುತ್ತಾರೆ. ಪಡುವಲ ಖಣಿಯಲ್ಲಿ ಮಳೆನೀರು ತಿಳಿಯಾಗಿ ನಿಂತಿದೆ, ನಾನು ಹತ್ತು ದಿನದಿಂದ ಅದನ್ನೇ ಕುಡಿಯುತ್ತಿದ್ದೇನೆ. ಮುದುಕಿ ಯಾವಾಗ ಬೀಳುತ್ತಾಳೆ ಎಂದು ಜನ ನೋಡುತ್ತಿದ್ದಾರೆ.

ತಪ್ಪೋಲೆಯಲ್ಲಿ ಪೂರ್ತಿ ಹೇಳಬೇಕು, ಇಲ್ಲದಿದ್ದರೆ ಅದು ಬರೀ ಚಾಡಿ. ಆ ಬಳಕೆದಾರರ ಪಟ್ಟಿಯನ್ನು ನಾನು ನೋಡಿದ್ದೆ, ಆಯಿ. ಬಾವಿ ತೋಡುವ ಮೊದಲೇ, ಒಂದಲ್ಲ ಹತ್ತು ಸಲ. ಎರಡು ಹೆಸರಿದ್ದವು. ಎರಡನೆಯವರು ನಿಮ್ಮ ಯಜಮಾನರಿರಬೇಕು ಎಂದುಕೊಂಡು ಸುಮ್ಮನಾದೆ. ಆ ಬರಹ ಯಾರ ಕೈಯಿಂದ ಯಾವಾಗ ಬದಲಾಯಿತು ಎಂದು ಅಲ್ಲೇ ಬರೆದಿತ್ತು, ಒಂದು ಗುಂಡಿ ಒತ್ತಿದ್ದರೆ ಕಾಣುತ್ತಿತ್ತು. ನಾನು ಒತ್ತಲಿಲ್ಲ. ನಿಮಗೆ ತಿಳಿಯದೆ ತಪ್ಪಾಯಿತು. ನಾನು ಅದನ್ನೇ ಮಕ್ಕಳಿಗೆ ಕಲಿಸುವವಳು.

ಆದರೂ ಬೇಡಿಕೊಳ್ಳುತ್ತೇನೆ. ಈ ಓಲೆ ಹೇಗಾದರೂ ಆ ಗುರುವಾರದೊಳಗೆ ನಿಮಗೆ ತಲುಪಿದರೆ, ಆ ಪುಟ ತೆರೆದ ಮೇಲೆ ಏಳಬೇಡಿ. ಲಾರಿ ನಿಲ್ಲಲಿ, ಸೂಪರ್‌ವೈಸರ್ ಕೂಗಲಿ, ಕೆಲಸ ಹೋದರೆ ಹೋಗಲಿ. ನಿಮ್ಮ ಹೆಸರು ತುಂಬಿ, ಉದ್ದದ ಪಾಸ್‌ವರ್ಡ್ ಕೊಟ್ಟು, ಒಳಗೆ ಹೋಗಿ ಪಟ್ಟಿಯಲ್ಲಿ ನೀವೊಬ್ಬರೇ ಇದ್ದೀರೆಂದು ನೋಡಿ, ಆಮೇಲೆ ಏಳಿ. ಎರಡು ನಿಮಿಷದ ಕೆಲಸ, ಆಯಿ. ತಲುಪುವುದಿಲ್ಲ ಎಂದು ನನಗೂ ಗೊತ್ತು.

ಇವತ್ತು ಬೆಳಿಗ್ಗೆ ಚುಕ್ಕಿ ನೀರು ಕೇಳಿದಳು. ನಾನು ಪಡುವಲ ಖಣಿಯ ತಂಬಿಗೆ ಹಿಡಿದು ಹೋದೆ. ನನ್ನ ಮಗಳು ನಿಂಬೆವ್ವ ಅದನ್ನು ತೆಗೆದು ಹೊರಗಿಟ್ಟು, ಬಾವಿಯ ಕೊಡದಿಂದ ಲೋಟಕ್ಕೆ ಬಗ್ಗಿಸಿದಳು. ನಾನು ಅವಳ ಕೈ ಹಿಡಿದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಈ ಬಾವಿ ನೀರು ಛಲೋ ಅದ ಅಂತ ನೀನೇ ಓದಿ ಹೇಳಿದ್ದಿ, ಯವ್ವಾ,” ಎಂದಳು.

ಮಗು ಲೋಟ ಪೂರ್ತಿ ಕುಡಿಯಿತು.