ಉಳಿದುಹೋದ ಹದಿನಾರು ಪುಟ

ಮಾರ್ಚ್ 3, ಸೋಮವಾರ

ಗೋಂದು ಕಲಸಿದೆ. ಎಡಗೈಯಲ್ಲೇ. ಗಂಟಿಲ್ಲ. ಬೈಂಡಿಂಗ್ ಅಂಗಡಿಯ ಈ ಕಟಿಂಗ್ ಮೆಷಿನ್ ನನ್ನ ಬಲಗೈಯ ನಾಲ್ಕು ಬೆರಳು ನುಂಗಿ ಎರಡು ವರ್ಷ. ಹೆಬ್ಬೆರಳೊಂದೇ ಉಳಿದು ಅಣಕಿಸುತ್ತದೆ.

ಧಣಿ ಚರ್ಚಿನ ದೊಡ್ಡ ಬೈಬಲ್ ತಂದಿಟ್ಟರು. ಹೊಲಿಗೆ ಪೂರಾ ಬಿಟ್ಟಿದೆ.

"ಇದು ನಿನ್ ಕೈಲಿ ಆಗಲ್ಲಮ್ಮ. ಹೊರಗಡೆ ಕೊಡ್ತೀನಿ."

"ಭಾನುವಾರಕ್ಕೆ ನಾನೇ ಕೊಡ್ತೀನಿ. ಆಗ್ಲಿಲ್ಲ ಅಂದ್ರೆ ಸಾಯೋತನಕ ಕವರ್ ಅಂಟಿಸ್ಕೊಂಡಿರ್ತೀನಿ. ಹೊಲಿಗೆ ಸುದ್ದಿ ಎತ್ತಲ್ಲ."

ಬಾಯಿ ತಪ್ಪಿ ಅಂದದ್ದಲ್ಲ.

ಅದೇ ಚರ್ಚು. ಆಸ್ಪತ್ರೆಯಲ್ಲಿ ಪಾಸ್ಟರ್ ನನ್ನ ತಲೆ ಸವರಿ "ಅಳಬಾರದು, ದೇವರ ಚಿತ್ತ" ಅಂದರಲ್ಲ... ಅವತ್ತಿನಿಂದ ಆ ಮೆಟ್ಟಿಲು ಹತ್ತಿಲ್ಲ. ಪ್ರಾರ್ಥನೆಯೂ ಇಲ್ಲ.

ಮಾರ್ಚ್ 5

ಸೂಜಿ ಚುಚ್ಚುವುದು ಎಡಗೈ, ಎಳೆಯುವುದು ಹಲ್ಲು. ಅಕ್ಕ ಊಟ ತಂದವಳು ನೋಡಿ ನಿಂತಳು.

"ಬಾಯಲ್ಲಿ ಹೊಲೀತೀಯೇನೇ!"

"ಹಲ್ಲಿರೋದು ಬರೀ ಅಗಿಯೋಕಾ?"

ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು, ಹೊರಗೆ ಬಿಡಲಿಲ್ಲ.

ಮಾರ್ಚ್ 7, ಸಂಜೆ

ಮುಗಿಯಿತು! ಪುಸ್ತಕದ ಬೆನ್ನಿಗೆ ಗೋಂದು ಬಳಿದು ಪ್ರೆಸ್ಸಿಗೆ ಇಟ್ಟೆ. ಮೇಜು ಒರೆಸುವಾಗ ರಟ್ಟಿನ ಕೆಳಗೆ ಒಂದು ಫಾರಂ. ಹೊಲಿಯಬೇಕಿದ್ದ ಹದಿನಾರು ಪುಟದ ಮಡಿಕೆ. ಬಿಟ್ಟೇ ಹೋಗಿದೆ. ಇಪ್ಪತ್ತು ವರ್ಷದ ಕೆಲಸದಲ್ಲಿ ಇದು ಮೊದಲು. ಥೂ!

ಎಲ್ಲಿಯದೆಂದು ತಿಳಿಯಲು ಓದಿದೆ. ಪ್ರವಾದಿಯೊಬ್ಬನ ಮಾತು. ಈ ಪುಟಗಳಿಗೆ ಬೆರಳಿನ ಕೊಳೆ ಕೂಡ ಅಂಟಿಲ್ಲ, ಯಾರೂ ಓದಿದಂತಿಲ್ಲ. ಮಿಡತೆಗಳ ದಂಡು. ಒಂದು ಬಿಟ್ಟದ್ದನ್ನು ಇನ್ನೊಂದು ತಿಂದಿದೆ. ನಾಡೆಲ್ಲ ಬೋಳು. ಪ್ರವಾದಿ ಸುಮ್ಮನಿರಿ ಅನ್ನುವುದಿಲ್ಲ. ಗೋಳಾಡಿ ಅನ್ನುತ್ತಾನೆ! ಆಮೇಲೆ ದೇವರ ಮಾತು: ಮಿಡತೆ ತಿಂದ ವರ್ಷಗಳನ್ನು ತಿರುಗಿ ಕೊಡುತ್ತಾನಂತೆ. ಬರೀ ಬೆಳೆಯಲ್ಲ. ವರ್ಷಗಳನ್ನು.

ಅತ್ತುಬಿಟ್ಟೆ. ಎರಡು ವರ್ಷದ್ದೆಲ್ಲ ಒಟ್ಟಿಗೆ. ಮೂಗು ಒರೆಸಿಕೊಂಡು ದೇವರಿಗೇ ಗಟ್ಟಿಯಾಗಿ ಹೇಳಿದೆ: "ಕೊಡ್ತೀನಿ ಅಂದಿದ್ದೀಯ. ಅಚ್ಚಾಗಿದೆ. ಕೊಡು."

ಎರಡು ವರ್ಷದ ನಂತರ ಅವನ ಜೊತೆ ಮಾತು. ಜಗಳವೇ ಇರಲಿ, ಮಾತು ಮಾತೇ. ಎದೆ ಹಗುರ.

ಮಾರ್ಚ್ 8, ಬೆಳಿಗ್ಗೆ

ಧಣಿಗೆ ತಪ್ಪು ಒಪ್ಪಿಕೊಂಡೆ.

"ಬಿಡಮ್ಮ, ಚೆನ್ನಾಗೇ ಬಂದಿದೆ. ಒಳಗೆ ಸಿಕ್ಕಿಸ್ಬಿಡು. ಯಾರು ನೋಡ್ತಾರೆ?"

"ನಾನು ನೋಡ್ತೀನಿ."

ಬ್ಲೇಡ್ ತೆಗೆದುಕೊಂಡೆ. ಅಪಘಾತದ ಮೇಲೆ ಮುಟ್ಟಿರಲಿಲ್ಲ. ಎಡಗೈಯಲ್ಲಿ ಬಿಗಿಯಾಗಿ ಹಿಡಿದೆ. ಪುಸ್ತಕದ ಬೆನ್ನು ಸೀಳಿದೆ. ಮತ್ತೆ ಮೊದಲಿನಿಂದ.

ಮಾರ್ಚ್ 9, ಭಾನುವಾರ, 8.40

ರಾತ್ರಿಯಿಡೀ ಹೊಲಿದು ಆಯಿತು. ಎಲ್ಲ ಪುಟ ಇದೆ, ಎರಡು ಸಲ ಎಣಿಸಿದೆ. ಬೆನ್ನು ಒಂಚೂರು ಓರೆ. ಇರಲಿ. ಧಣಿ ಆ ಕಡೆ ಈ ಕಡೆ ಬಗ್ಗಿಸಿ ನೋಡಿ, "ನಾಳೆಯಿಂದ ಹೊಲಿಗೆ ಮೇಜು ನಿಂದೇ" ಅಂದರು.

ಅಕ್ಕ ಕೈಗವಸು ತಂದಿದ್ದಾಳೆ.

"ಹಾಕ್ಕೊಳ್ಳೇ. ಜನ ನೋಡ್ತಾರೆ."

"ನೋಡ್ಲಿ. ನೋಡ್ಲಿ ಅಂತಾನೇ ಹೋಗ್ತಿರೋದು."

ಪಾಸ್ಟರ್‌ಗೆ ಫೋನ್ ಮಾಡಿ ಹೇಳಿದ್ದೇನೆ: ಪುಸ್ತಕ ನಾನೇ ತರುತ್ತೇನೆ, ಇವತ್ತಿನ ಬೈಬಲ್ ಪಾಠವನ್ನೂ ನಾನೇ ಓದುತ್ತೇನೆ. "ಬಾಮ್ಮ" ಅಂದರು.

ಪುಟ ತಿರುಗಿಸಲು ಹೆಬ್ಬೆರಳು ಸಾಕು. ಗೋಳಾಟದ ಭಾಗ ಒಂದಕ್ಷರ ಬಿಡದೆ ಓದುತ್ತೇನೆ, ಪಾಸ್ಟರ್ ಮುಖ ನೋಡಿಕೊಂಡೇ. ಆಮೇಲೆ ವರ್ಷಗಳ—

ಗಂಟೆ ಹೊಡೆಯಿತು. ಅಕ್ಕ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ. ಹೊರಟೆ.