ನಗು ಎಂದು ಬರೆದ ಚಿತ್ರ

ಡೊಂಬಿವಲಿ ಪೂರ್ವ
೧೮ ಫೆಬ್ರವರಿ ೨೦೨೪, ಭಾನುವಾರ

ಶ್ರೀ ಸಂಕರ್ಷಣರಿಗೆ,

ಆರೋಗ್ಯವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ವಾಟ್ಸ್ಯಾಪಿನಲ್ಲಿ ಬರೆದರೆ ನೀವು ಎರಡು ಸಾಲು ಓದಿ ಬಿಡುತ್ತೀರಿ. ಫೋನ್ ಮಾಡಿದರೆ ನಾನೇ ಎರಡು ಮಾತಾಡಿ ಇಟ್ಟುಬಿಡುತ್ತೇನೆ. ಹಾಗಾಗಿ ಕಾಗದ.

ನೀವು ಸುಮೇಧಾಳನ್ನು ಫೋನಿನಲ್ಲಿ ಗದರಿಸಿದ್ದು ತಿಳಿಯಿತು. ಆ ಹುಡುಗಿಯದೇನೂ ತಪ್ಪಿಲ್ಲ. ಥಾಣೆಯಲ್ಲಿ ಅವಳು ನಡೆಸುತ್ತಿರುವ ಪ್ರದರ್ಶನದಲ್ಲಿ ನಿಮ್ಮ ಶಹಾಡ್ ಸ್ಟೇಶನ್ನಿನ ಚಿತ್ರದ ಹೆಸರನ್ನು ಬದಲಾಯಿಸಿದ್ದು ನಾನು. ಯಾಕೆಂದು ಮೊದಲಿನಿಂದ ಹೇಳುತ್ತೇನೆ. ಓದಿದ ಮೇಲೂ ಸಿಟ್ಟು ಉಳಿದರೆ ಅದು ನನ್ನ ಮೇಲಿರಲಿ.

ಈ ಕಡೆಯ ಊರುಗಳ ಬೀದಿಗಳನ್ನೂ ಸ್ಟೇಶನ್ನುಗಳನ್ನೂ ಚಿತ್ರ ತೆಗೆದವರನ್ನೆಲ್ಲ ಒಂದೇ ಗೋಡೆಗೆ ತರಬೇಕೆಂದು ಸುಮೇಧಾ ವರ್ಷದಿಂದ ಓಡಾಡುತ್ತಿದ್ದಳು. ನಿಮ್ಮನ್ನು ಕೇಳಿದಾಗ, ಚಿತ್ರಗಳೆಲ್ಲ ಡೊಂಬಿವಲಿಯ ಮನೆಯಲ್ಲಿವೆ, ಅಪರ್ಣಾ ಯಾವುದನ್ನು ಕೊಟ್ಟರೂ ಆದೀತು, ನನ್ನನ್ನು ಮಾತ್ರ ಕರೆಯಬೇಡಿ ಎಂದಿರಂತೆ. ಅವಳು ನನ್ನ ಬಾಗಿಲಿಗೆ ಬಂದಳು. ಅಟ್ಟದ ಮೇಲಿದ್ದ ನಿಮ್ಮ ಚಿತ್ರಗಳ ಡಬ್ಬಿಗಳನ್ನು ಇಬ್ಬರೂ ಸೇರಿ ಇಳಿಸಿದೆವು.

ನಿಮ್ಮ ಚಿತ್ರಗಳನ್ನು ಒಂದರ ಹಿಂದೆ ಒಂದು ಕೂತು ನೋಡಿದ್ದು ನನಗೆ ಇದೇ ಮೊದಲು. ನೀವು ಮನೆಯಲ್ಲಿದ್ದಾಗ ಚಿತ್ರಕ್ಕಿಂತ ಮುಂಚೆ ನೀವು ಕಾಣುತ್ತಿದ್ದಿರಿ. ತರಕಾರಿ ತರಲು ಹೋಗಿ ಖಾಲಿ ಚೀಲ ಹಿಡಿದು ಬರುವ ಗಂಡ, ಸ್ವಂತ ತಂಗಿಯ ಮದುವೆಯಲ್ಲಿ ಧಾರೆಯ ಹೊತ್ತಿಗೆ ಛತ್ರದ ಹೊರಗೆ ಬಲೂನು ಮಾರುವವನ ಹಿಂದೆ ಹೋದ ಅಣ್ಣ. ಈಗ ನೀವಿಲ್ಲ, ಚಿತ್ರಗಳಷ್ಟೇ ಇವೆ. ನೋಡುವುದು ಸುಲಭವಾಯಿತು.

ಚೆನ್ನಾಗಿವೆ. ಔಪಚಾರಿಕವಾಗಿ ಹೇಳುತ್ತಿಲ್ಲ. ಕಲ್ಯಾಣದ ಹೂವಿನ ಮಾರುಕಟ್ಟೆಯಲ್ಲಿ ಮಳೆಗೆ ಚೆಂಡುಹೂವಿನ ಬುಟ್ಟಿಯನ್ನೇ ತಲೆಗೆ ಮಗುಚಿಕೊಂಡವನು; ಕಿವಿ, ಹೆಗಲು, ಮೀಸೆಯ ಮೇಲೆಲ್ಲ ಎಸಳು. ಬೇಲಾಪುರದಲ್ಲಿ ನನ್ನ ಆಫೀಸಿನ ಎದುರಿನ ಕಟ್ಟೆ: ಸಾಲಾಗಿ ಕೂತು ಡಬ್ಬಿ ಬಿಚ್ಚಿದ ಗುಮಾಸ್ತರು, ಪ್ರತಿಯೊಬ್ಬನೂ ತನ್ನ ಪಲ್ಯವನ್ನು ಪಕ್ಕದವನಿಂದ ಕೈ ಅಡ್ಡ ಹಿಡಿದು ಕಾಯುತ್ತಿದ್ದಾನೆ. ಆ ಕಟ್ಟೆಯ ಮುಂದೆ ನಾನು ಎಷ್ಟೋ ವರ್ಷ ನಡೆದಿದ್ದೇನೆ, ಆ ಕೈಗಳು ನನಗೆ ಕಂಡಿರಲಿಲ್ಲ. ಸೀವುಡ್ಸಿನ ಮಾಲಿನಲ್ಲಿ ಗಾಜು ಒರೆಸುವವಳು, ಗಾಜಿನಾಚೆ ಅದೇ ಎತ್ತರಕ್ಕೆ ಕೈ ಎತ್ತಿ ಬಟ್ಟೆ ಆರಿಸುತ್ತಿರುವ ಇನ್ನೊಬ್ಬಳು. ನೀವು ಯಾರನ್ನೂ ಪಾಪದವರಾಗಿ ತೋರಿಸಿಲ್ಲ, ಮಹಾತ್ಮರಾಗಿಯೂ ತೋರಿಸಿಲ್ಲ. ಹೊತ್ತಾಯಿತೆಂದು ಹೊರಟವರಾಗಿ ತೋರಿಸಿದ್ದೀರಿ. ನಮ್ಮ ಊರುಗಳಲ್ಲಿ ಅದೇ ನಿಜ.

ಪ್ರದರ್ಶನದಲ್ಲಿ ಬೇರೆಯವರೂ ಇದ್ದಾರೆ. ಪ್ರಥಮ ಎಂಬ ಹುಡುಗ ಲೋಕಲ್ ರೈಲಿನಲ್ಲಿ ನಿದ್ದೆ ಹೋದವರನ್ನು ಮಾತ್ರ ತೆಗೆಯುತ್ತಾನೆ. ಉಮಾವತಿ ಎಂಬವರು ಲೇಡೀಸ್ ಬೋಗಿಯ ಕಿಟಕಿಯಿಂದ ಕ್ಯಾಮೆರಾ ಹೊರಗೆ ಚಾಚಿದವರೇ ಅಲ್ಲ. ಅವರಿಗೆ ಒಳಗಿನ ಜಗಳ, ಜಡೆ, ಬಟಾಣಿ ಸುಲಿಯುವ ಬೆರಳು ಸಾಕು. ಎಲ್ಲರೂ ಬೇರೆ ಕೆಲಸ ಮಾಡಿಕೊಂಡೇ ಚಿತ್ರ ತೆಗೆಯುವವರು. ಚಿತ್ರಕ್ಕೆಂದು ಹೋಟೆಲಿನ ಗಲ್ಲಾ ಕೆಲಸ ಬಿಟ್ಟು ಬೀದಿಗಿಳಿದವರು ನೀವೊಬ್ಬರೇ.

ಈಗ ಶಹಾಡ್.

ಸ್ಟೇಶನ್ನಿನ ಸೇತುವೆಯ ಮೆಟ್ಟಿಲು. ಜನ ಇಳಿದು ಬರುತ್ತಿದ್ದಾರೆ, ಎಲ್ಲರ ಕಣ್ಣೂ ಅವರವರ ಕಾಲಿನ ಮೇಲೆ. ನಡುವೆ ಒಬ್ಬಳು ಮಾತ್ರ ನಿಂತಿದ್ದಾಳೆ. ಕತ್ತು ಹಿಂದಕ್ಕೆ ವಾಲಿದೆ, ಬಾಯಿ ಅಗಲವಾಗಿ ತೆರೆದಿದೆ, ಹಲ್ಲಿನ ಮೇಲೆ ಬಿಸಿಲು. ಹಿಂಬದಿಯಲ್ಲಿ ನಿಮ್ಮ ಅಕ್ಷರ: ‘ನಗು, ಶಹಾಡ್’. ಎಡಗಡೆಯ ಕೆಳ ಮೂಲೆಯಲ್ಲಿ, ಮೆಟ್ಟಿಲ ಮೇಲೆ, ಮಸುಕಾಗಿ ಒಂದು ಬಟ್ಟೆಯ ಗಂಟು. ಸುಮೇಧಾ ಅದನ್ನು ಕತ್ತರಿಸೋಣ ಎಂದಳು, ಕಣ್ಣು ಅತ್ತ ಜಾರುತ್ತದೆ ಎಂದು. ನಾನು ಬೇಡವೆಂದೆ. ಚೌಕಟ್ಟಿನೊಳಗೆ ಬಂದವರನ್ನು ಹೊರಗೆ ತಳ್ಳುವ ಹಕ್ಕು ತೆಗೆದವನಿಗಿಲ್ಲ ಎಂದು ನೀವು ಹೇಳುತ್ತಿದ್ದುದು ಯಾಕೋ ನೆನಪಾಯಿತು. ಆ ಚಿತ್ರವನ್ನೇ ಅವಳು ಪೋಸ್ಟರಿಗೆ ಹಾಕಿದಳು, ಇನ್ಸ್ಟಾಗ್ರಾಮಿಗೂ ಹಾಕಿದಳು. ಥಾಣೆಯ ಮಂದಿ ಕೆಳಗೆ ಬರೆದರು: ಎಂಥ ಜೀವನೋತ್ಸಾಹ, ದುಡಿಯುವ ಹೆಣ್ಣಿನ ನಿರ್ಮಲ ನಗು, ಹೀಗೆ.

ಪ್ರದರ್ಶನಕ್ಕೆ ಒಂದು ವಾರವಿದ್ದಾಗ ಯಾರೋ ಹುಡುಗಿ ಹಿಂದಿಯಲ್ಲಿ ಒಂದೇ ಸಾಲು ಕಳಿಸಿದಳು. ‘ಯೆ ಮೇರಿ ಮಾ ಹೈ. ಹಸ್ ನಹೀ ರಹೀ.’ ಇವಳು ನನ್ನ ತಾಯಿ, ನಗುತ್ತಿಲ್ಲ, ಎಂದು.

ಸುಮೇಧಾ ಹೆದರಿ ನನ್ನನ್ನೂ ಕರೆದುಕೊಂಡು ಹೋದಳು. ಶಹಾಡಿನಲ್ಲಿ, ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿ ಒಂದು ಕೋಣೆ. ಹುಡುಗಿಯ ಹೆಸರು ಪದ್ಮಾವತಿ, ಕಲ್ಯಾಣದಲ್ಲಿ ಕಾಲೇಜಿಗೆ ಹೋಗುತ್ತಾಳೆ. ತಾಯಿ ಮರೆಮ್ಮ, ರಾಯಚೂರಿನ ಕಡೆಯವಳು. ಚಿತ್ರ ತೆಗೆದ ಕಾಲಕ್ಕೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳಂತೆ, ಈಗ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ ಅವಳ ಮುಖ ಅರಳಿತು. ಚಿತ್ರ ತೋರಿಸಿದ್ದಕ್ಕೆ ಮುಚ್ಚಿಕೊಂಡಿತು.

‘ನಾ ನಗಾಕತ್ತಿಲ್ರೀ ಯಕ್ಕಾ’ ಎಂದಳು. ‘ಮಗಳನ್ನ ಒದರಾಕತ್ತೀನಿ.’

ಆ ದಿನ ಅವಳು ಎರಡು ಮಕ್ಕಳ ಜೊತೆ ಟಿಟ್ವಾಲಾ ಕಡೆಯ ಗಾಡಿ ಹತ್ತಬೇಕಿತ್ತು. ಪದ್ಮಾವತಿ ಪುಟ್ಟ ಹುಡುಗಿ, ತಮ್ಮ ಇನ್ನೂ ಎದೆಹಾಲಿನ ಕೂಸು. ನೂಕಾಟದಲ್ಲಿ ಹುಡುಗಿಯ ಕೈ ತಪ್ಪಿತು. ಹಿಂದಿನವರು ಅವಳನ್ನು ಒಳಗೆ ತಳ್ಳಿಕೊಂಡು ಹೋದರು, ತಾಯಿ ಹೊರಗೇ ಉಳಿದಳು, ಗಾಡಿ ಹೊರಟಿತು. ಮರೆಮ್ಮ ಅದರ ಜೊತೆ ಓಡಿದಳು. ಪ್ಲಾಟ್‌ಫಾರ್ಮು ತುಂಬ ಜನ, ಏನೂ ಕಾಣಲಿಲ್ಲ. ತಲೆಗಳ ಮೇಲಿಂದ ಕಂಡೀತೆಂದು ಮೆಟ್ಟಿಲು ಹತ್ತಿ ಕೂಗಿದಳು. ಅಷ್ಟು ಹೊತ್ತಿಗೆ ನೀವು ಒತ್ತಿದಿರಿ.

ಟಿಟ್ವಾಲಾದಲ್ಲಿ ಹೆಂಗಸರು ಹುಡುಗಿಯನ್ನು ಇಳಿಸಿ ಪೊಲೀಸರಿಗೆ ಒಪ್ಪಿಸಿದ್ದರಂತೆ. ಹುಡುಗಿಗೆ ಮರಾಠಿ, ಹಿಂದಿ ಒಂದೂ ಬಾರದು. ಕನ್ನಡದವರೆಂದು ಪಕ್ಕದ ಉಡುಪಿ ಹೋಟೆಲಿನ ಭಟ್ಟರನ್ನು ಕರೆತಂದರು. ಅವರ ಕನ್ನಡ ಇವಳಿಗೆ ತಿಳಿಯದು, ಇವಳದು ಅವರಿಗೆ. ಕಡೆಗೆ ಅವರು ಒಂದು ಇಡ್ಲಿ ಕೊಟ್ಟು ಕೂರಿಸಿದರು. ಸಂಜೆ ತಾಯಿ ಹುಡುಕಿಕೊಂಡು ಬಂದು ಎಲ್ಲರೆದುರು ಕೆನ್ನೆಗೆ ಬಾರಿಸಿದಳು.

ಇಷ್ಟು ಹೇಳಿ ಮರೆಮ್ಮ ನನ್ನನ್ನು ಕೇಳಿದಳು. ‘ಯಾಂವರೀ ಅಂವಾ? ಫೋಟೋ ಹೊಡಿಯೋ ಬದಲಿ ಕೂಸಿನ್ನ ಹಿಡಕೋ ಬಾರದಾಗಿತ್ತಾ?’

ನನ್ನ ಗಂಡ ಎಂದೆ. ಅವಳು ನನ್ನ ಬರಿ ಕೊರಳು ನೋಡಿದಳು.

ಗೋಡೆಗೆ ಹಚ್ಚಬೇಡಿ ಎಂದಳು. ಅಳುವ ಮನೆಯ ಬಾಗಿಲು ತೆಗೆದು ಊರಿಗೆ ತೋರಿಸುತ್ತಾರೇನು ಎಂದಳು. ಅದರ ಮೇಲೆ, ಅವತ್ತು ಉಟ್ಟಿದ್ದು ಹರಕು ಸೀರೆ, ತೋರಿಸಲೇಬೇಕಿದ್ದರೆ ಈಗ ಒಳ್ಳೆಯದು ಉಟ್ಟು ನಿಲ್ಲುತ್ತೇನೆ, ಬೇರೆ ಹೊಡೆದುಕೊಳ್ಳಿ ಎಂದಳು. ಸುಮೇಧಾ ಒಪ್ಪಿದಳು, ಪೋಸ್ಟರುಗಳನ್ನೂ ತೆಗೆಸುತ್ತೇನೆ ಎಂದಳು. ನಾವು ಏಳುವುದರಲ್ಲಿದ್ದೆವು.

ಚಿತ್ರ ಪದ್ಮಾವತಿಯ ಕೈಯಲ್ಲಿತ್ತು. ನೋಡುತ್ತಲೇ ಇದ್ದಳು. ಆಮೇಲೆ ಎಡ ಮೂಲೆಯ ಮೇಲೆ ಬೆರಳಿಟ್ಟು ತಾಯಿಯನ್ನು ಕೇಳಿದಳು, ಹಿಂದಿಯಲ್ಲೇ: ‘ಯೆ ಛೋಟು ಹೈ ಕ್ಯಾ?’ ಇದು ತಮ್ಮನೇ, ಎಂದು.

ಮರೆಮ್ಮ ಬಗ್ಗಿ ನೋಡಿದಳು. ಹೌದು ಎಂದಳು. ಕೂಸನ್ನು ಎತ್ತಿಕೊಂಡು ಮೆಟ್ಟಿಲು ಹತ್ತಲಾಗಲಿಲ್ಲ, ಇಟ್ಟುಬಿಟ್ಟೆ ಎಂದಳು.

ನಾವು ಬಟ್ಟೆಯ ಗಂಟು ಎಂದುಕೊಂಡದ್ದು ಕೂಸು, ಸಂಕರ್ಷಣ. ಅಷ್ಟು ಕಾಲುಗಳ ನಡುವೆ, ಮೆಟ್ಟಿಲ ಮೇಲೆ, ಗಂಡು ಕೂಸನ್ನು ಇಳಿಸಿ ಆ ಹೆಂಗಸು ಮಗಳಿಗಾಗಿ ಕೂಗುತ್ತಿದ್ದಳು.

ಆ ಹುಡುಗಿ ಅತ್ತಳೆಂದು ನೀವು ಊಹಿಸಬಹುದು. ಅಳಲಿಲ್ಲ. ತಾನು ಸಣ್ಣವಳಿದ್ದಾಗಿನಿಂದ ತಿಳಿದುಕೊಂಡಿದ್ದೇ ಬೇರೆ ಎಂದಳು. ಒಂದು ಕೈಯಲ್ಲಿ ತಮ್ಮ, ಒಂದು ಕೈಯಲ್ಲಿ ತಾನು. ಅವ್ವ ತನ್ನ ಕೈಯನ್ನು ಬಿಟ್ಟಳು, ಅವನನ್ನು ಬಿಡಲಿಲ್ಲ ಎಂದು. ಮನೆಯಲ್ಲಿ ಯಾರೂ ಹಾಗೆ ಹೇಳಿರಲಿಲ್ಲ, ಯಾರೂ ಅಲ್ಲವೆಂದೂ ಹೇಳಿರಲಿಲ್ಲ. ನೆನಪಿದ್ದದ್ದು ಟಿಟ್ವಾಲಾದ ಪೆಟ್ಟು ಒಂದೇ. ಇದನ್ನು ಅವಳು ನನಗೆ ಹೇಳಿದಳು, ತಾಯಿಗಲ್ಲ. ತಾಯಿ ಅಷ್ಟರಲ್ಲಿ ಚಹಾ ಇಡಲು ಎದ್ದು ಹೋಗಿ, ಗ್ಯಾಸ್ ಹೊತ್ತಿಸದೆ ಸುಮ್ಮನೆ ಅದರ ಮುಂದೆ ನಿಂತಿದ್ದಳು.

‘ಲಗಾವೋ ಆಂಟಿ’ ಎಂದಳು ಪದ್ಮಾವತಿ. ಆಮೇಲೆ ನಮಗಾಗಿ ಅಲ್ಲ, ಅಡುಗೆಯ ಮೂಲೆಗೆ ಕೇಳಲೆಂದು ಕನ್ನಡದಲ್ಲಿ ಅಂದಳು. ‘ಅವ್ವಾ, ಹಚ್ಚಲಿ ಬಿಡು. ನಾ ನೋಡ್ಬೇಕು.’

ಮರೆಮ್ಮ ತಿರುಗದೆಯೇ ಹೇಳಿದಳು. ‘ಹಚ್ಚ್ರಿ ಹಂಗಾದ್ರ. ನಗು ಅಂತ ಬರೀಬ್ಯಾಡ್ರಿ.’

ಹಾಗೆ ಹೆಸರು ಬದಲಾಯಿತು. ಈಗ ಚಿತ್ರದ ಕೆಳಗೆ ಇರುವುದು: ‘ಮಗಳು ಪದ್ಮಾವತಿಯನ್ನು ಕರೆಯುತ್ತಿರುವ ಮರೆಮ್ಮ, ಶಹಾಡ್.’ ‘ನಾನು ಕಂಡದ್ದು ನಗು, ಕಂಡದ್ದನ್ನು ಬರೆಯುವುದು ನನ್ನ ಹಕ್ಕು’ ಎಂದು ನೀವು ಸುಮೇಧಾಗೆ ಹೇಳಿದಿರಂತೆ. ಕಂಡದ್ದು ನಿಮ್ಮ ಹಕ್ಕು, ಒಪ್ಪಿದೆ. ಆದರೆ ನಿಮ್ಮ ಚಿತ್ರ ನಿಮಗಿಂತ ಹೆಚ್ಚು ಕಂಡಿದೆ. ಅದನ್ನು ಸೋಲೆಂದುಕೊಳ್ಳಬೇಡಿ. ಆ ಮೂಲೆಯನ್ನು ನೀವು ಕತ್ತರಿಸಿದ್ದರೆ ಇವತ್ತು ಆ ಹುಡುಗಿಯ ಕೈಗೆ ಏನೂ ಸಿಗುತ್ತಿರಲಿಲ್ಲ. ಎಲ್ಲರ ಹಾಗೆ ನೀವೂ ಮುಖವೊಂದನ್ನೇ ದೊಡ್ಡದಾಗಿ ತೆಗೆದುಕೊಂಡಿದ್ದರೆ ಅದು ಬರಿಯ ನಗುವಾಗಿಯೇ ಉಳಿಯುತ್ತಿತ್ತು, ಸುಳ್ಳು ನಗು. ನಿಮ್ಮ ಜೊತೆ ಬದುಕುವುದಕ್ಕೆ ಕಷ್ಟವಾದದ್ದೂ ಇದೇ ಗುಣವೇ, ಏನನ್ನೂ ಬಿಡದೆ ದೂರ ನಿಂತು ನೋಡುವುದು. ಚಿತ್ರಕ್ಕೆ ಅದು ಬೇಕು. ಮನೆಗೆ ಅಷ್ಟು ಬೇಡವಾಗಿತ್ತು.

ಕಳೆದ ಭಾನುವಾರ ತಾಯಿ ಮಗಳು ಥಾಣೆಗೆ ಬಂದಿದ್ದರು. ಮರೆಮ್ಮ ಜರಿ ಅಂಚಿನ ಸೀರೆ ಉಟ್ಟಿದ್ದಳು. ತನ್ನ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪ್ರಥಮನ ಗೋಡೆಯಲ್ಲಿ ಗುರುತಿಲ್ಲದವನ ಹೆಗಲ ಮೇಲೆ ಜೊಲ್ಲು ಸುರಿಸಿ ಮಲಗಿದ ಒಬ್ಬ ಸೂಟಿನವನಿದ್ದಾನೆ. ಅವನ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಿಜವಾದ ನಗುವಿಗೆ ಬಾಯಿ ಅಷ್ಟು ತೆರೆಯುವುದಿಲ್ಲ. ಕೈ ಅಡ್ಡ ಹಿಡಿಯುತ್ತಾಳೆ, ಹೆಗಲು ಕುಣಿಯುತ್ತದೆ, ಸದ್ದೇ ಇಲ್ಲ. ಪದ್ಮಾವತಿ ಮಾತ್ರ ಶಹಾಡಿನ ಮುಂದೆ ನಿಂತೇ ಇದ್ದಳು. ಯಾರೋ ಬಂದು ಈ ಪದ್ಮಾವತಿ ಕೊನೆಗೆ ಸಿಕ್ಕಿದಳೇ ಎಂದು ಪಕ್ಕದವರನ್ನು ಕೇಳಿದರು. ಅವಳು ತಿರುಗಿ, ಮರಾಠಿಯಲ್ಲಿ, ‘ಸಾಪಡಲೀ’ ಎಂದಳು. ಸಿಕ್ಕಿದಳು, ಎಂದು.

ಪ್ರದರ್ಶನ ಮುಗಿದ ಮೇಲೆ ಆ ಚಿತ್ರ ಅವಳದು. ಕೊಡುತ್ತೇನೆಂದು ಹೇಳಿಬಿಟ್ಟಿದ್ದೇನೆ. ನಿಮ್ಮನ್ನು ಕೇಳಲಿಲ್ಲ. ನೀವೂ ಅವರನ್ನು ಕೇಳಿರಲಿಲ್ಲ.

ಉಳಿದವನ್ನು ಸುಮೇಧಾ ಜೋಪಾನವಾಗಿ ಹಿಂತಿರುಗಿಸುತ್ತಾಳೆ. ನೀವು ಕ್ಯಾಮೆರಾ ಮುಟ್ಟದೆ ಬಹಳ ಕಾಲವಾಯಿತೆಂದು ಯಾರೋ ಹೇಳಿದರು. ಅದು ನಿಮ್ಮ ವಿಷಯ. ನೋಡುವವಳಾಗಿ ಹೇಳುವುದಾದರೆ, ನಷ್ಟ.

ಇಂತಿ,
ಅಪರ್ಣಾ

ಮರೆತಿದ್ದೆ: ಮರೆಮ್ಮನ ಮನೆಯಿಂದ ಬಂದ ಮರುದಿನ ಆಫೀಸಿಗೆ ರಜೆ ಹಾಕಿ ಒಬ್ಬಳೇ ಶಹಾಡಿಗೆ ಹೋಗಿದ್ದೆ. ನೀವು ನಿಂತಿರಬಹುದಾದ ಜಾಗವನ್ನು ಹುಡುಕಿ ನಿಂತೆ. ನಿಮ್ಮ ಮೇಲೆ ಸರಿಯಾಗಿ ಸಿಟ್ಟು ಮಾಡಿಕೊಳ್ಳಬೇಕೆಂದೇ ಹೋದದ್ದು. ಅಲ್ಲಿ ನಿಲ್ಲದ ಮೇಲ್ ರೈಲೊಂದು ಸದ್ದು ಮಾಡಿಕೊಂಡು ಹಾದು ಹೋಗುತ್ತಿತ್ತು. ಮೆಟ್ಟಿಲ ಮೇಲೆ ಯಾವಳೋ ನನ್ನ ಕಡೆ ಮುಖ ಮಾಡಿ ಬಾಯಿ ತುಂಬ ನಗುತ್ತಿದ್ದಳು, ನಾನೂ ನಕ್ಕೆ. ಗಾಡಿ ದಾಟಿದ ಮೇಲೆ ಕಿವಿಗೆ ಬಿತ್ತು, ಅವಳು ಯಾರನ್ನೋ ಕೂಗುತ್ತಿದ್ದಳು.