ಮಗೂಗೆ ನನ್ನಿಂದ ಬಂದ ಮಚ್ಚೆ

ಯಮುನಾ,

ನಾನು ಮಾಕಳಿಗೆ, ತಂಗಿ ಮನೆಗೆ ಹೋಗ್ತಿದೀನಿ. ಕೃಪಾಗೆ ಫಿಟ್ಸ್ ಔಷಧಿ ಎಂಟು ಗಂಟೆಗೆ ತಪ್ಪದೆ ಹಾಕು. ಹೊಟ್ಟೆ ಮೇಲಿನ ಬಿಳಿ ಮಚ್ಚೆಗೆ ಇನ್ಮೇಲೆ ಅರಿಶಿನ ಹಚ್ಚಬೇಡ, ಅದು ಹೋಗೋ ಮಚ್ಚೆಯಲ್ಲ.

ನಿನ್ನೆ ನೀನು ಮಗೂನ ರಕ್ತ ಪರೀಕ್ಷೆಗೆ ಕರ್ಕೊಂಡು ಹೋದಾಗ ಡಾಕ್ಟರು ನನ್ನ ಕಾಲುಗುರಿನ ಪಕ್ಕದ ಗಂಟುಗಳನ್ನ ನೋಡಿ, "ಅಮ್ಮಾ, ಮಗೂಗೆ ಫಿಟ್ಸ್, ಬಿಳಿ ಮಚ್ಚೆ ತಂದಿರೋ ಕಾಯಿಲೆಯದ್ದೇ ಈ ಗಂಟು. ನಿಮ್ಮಿಂದ ಮಗನಿಗೆ, ಅವರಿಂದ ಮಗೂಗೆ ಬಂದಿರಬೇಕು" ಅಂದ್ರು. ಶಶಿ ಬೆನ್ನ ಮೇಲೂ ಅಂಥದ್ದೇ ಬಿಳಿ ಮಚ್ಚೆ ಇದೆ, ಅವನು ಕೂಸಾಗಿದ್ದಾಗಿಂದ ನೋಡಿದೀನಿ.

ಎರಡು ವರ್ಷ ನಿನ್ನ ತವರಿನ ದೋಷ ಅಂತ ಬೈದೆ. ಇದು ನನ್ನಿಂದ ಬಂದದ್ದು ಅಂತ ಶಶಿಗೆ ನೀನೇ ಹೇಳು, ನನ್ನ ಕೈಲಾಗಲ್ಲ.

ಸಾರು ಬಿಸಿ ಮಾಡ್ಕೊಂಡು ಎರಡು ತುತ್ತು ತಿನ್ನು. ನೀನು ಬಾ ಅನ್ನೋವರೆಗೂ ನಾನು ಬರಲ್ಲ.

ಅತ್ತೆ